ಹದ್ದುಬಂಡೆಯ ಐದು ಮಾಗಳಿ ಬಳ್ಳಿಗಳು

ಫೆಬ್ರುವರಿ 30, 2291

ನಮಗಿಂತ ಇನ್ನೂರೈವತ್ತು ವರ್ಷ ಹಿಂದೆ ಇರುವವರಿಗೆ,

ಹದ್ದುಬಂಡೆಯ ಮೇಲೆ ಈಗ ಉಳಿದಿರುವ ಮಾಗಳಿ ಬಳ್ಳಿಗಳು ಐದು. ಬೇರೆ ಯಾವ ಬೆಟ್ಟದಲ್ಲೂ ಅವು ಇರುವ ಸುದ್ದಿ ಇಲ್ಲ. ಇಂದು ಬೆಳಗ್ಗೆ ಬಂಡೆ ಹತ್ತಿ ಎಣಿಸಿ ಬಂದು ವರದಿ ಮಾಡಿದವರು ತಳಿಮನೆಯ ಕೇತಮ್ಮ, ಎಪ್ಪತ್ತೊಂಬತ್ತು ವರ್ಷದವರು. ನಾನು ಅಲ್ಲಿ ದಾಖಲೆ ಬರೆಯುವವನು.

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒಗ್ಗದಿದ್ದರೆ ಮನ್ನಿಸಿ. ತಳಿಮನೆ ಎಂದರೆ ಕಾಡುಗಿಡಗಳ ಬೀಜ ಕಾಪಾಡಿ ಸಸಿ ಬೆಳೆಸುವ ಕಚೇರಿ. ಮೂಗುಸಾಕ್ಷಿ ಎಂದರೆ ಬೇರನ್ನು ಮೂಸಿ ಗಿಡ ಇಂಥದ್ದೆಂದು ಬರೆದುಕೊಡುವುದು.

ಮಾಗಳಿಗೆ ಎದುರುಬದುರು ಎಲೆ, ಮುರಿದರೆ ಬಿಳಿ ಹಾಲು, ಹೋರಿಯ ಕೊಂಬುಗಳಂತೆ ಎರಡು ಕಡೆಗೆ ಚಾಚಿದ ಜೋಡಿ ಕಾಯಿ. ಬಂಡೆಯ ಮೇಲಿನ ಇನ್ನೊಂದು ಬಳ್ಳಿಗೂ ಇಂಥದೇ ಎಲೆ, ಇಂಥದೇ ಹಾಲು ಇದೆ; ಅದು ವಿಷ. ಕಾಯಿ ಇಲ್ಲದಾಗ ಬೇರಿನ ಪರಿಮಳವೇ ಗುರುತು. ಆ ಬೇರಿನ ತುಂಡುಗಳನ್ನು ರಾಗಿಯ ಕಣಜದಲ್ಲಿಟ್ಟರೆ ಹುಳು ಸುಳಿಯುವುದಿಲ್ಲ. ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಹೆಚ್ಚಿ, ಉಪ್ಪು ಖಾರ ಬೆರೆಸಿ ಹುಳಿ ಮಜ್ಜಿಗೆಯಲ್ಲಿ ಹಾಕಿದರೆ ಉಪ್ಪಿನಕಾಯಿ. ನಾನು ತಿಂದಿಲ್ಲ. ಕೇತಮ್ಮ ಎರಡು ಸಲ ತಿಂದಿದ್ದಾರೆ.

ಮೂಗುಸಾಕ್ಷಿ ಇಲ್ಲದ ಬಳ್ಳಿಗೆ, ಕಾಯಿ ಬಿಟ್ಟಿದ್ದರೂ, ಬೆಟ್ಟದ ಆಡಳಿತ ನೋಡುವ ಬೆಟ್ಟಸಭೆ ಕಾವಲು ಕೊಡುವುದಿಲ್ಲ. ಕಾವಲಿಲ್ಲದ ಬಂಡೆಯನ್ನು ಒಡೆದು ನೀರಿನ ತೊಟ್ಟಿ ಕಟ್ಟುತ್ತಾರೆ. ಕಾವಲು ಸಿಗಲೆಂದು ಮೂರು ವರ್ಷಗಳಲ್ಲಿ ಹನ್ನೊಂದು ಬಳ್ಳಿಗಳನ್ನು ಬುಡಸಮೇತ ಅಗೆಸಿ ಮೂಸಿದೆವು. ಹನ್ನೊಂದೂ ಮಾಗಳಿಯೇ ಎಂದು ಖಚಿತವಾಯಿತು. ಮತ್ತೆ ನೆಟ್ಟವು ಒಂದೂ ಚಿಗುರಲಿಲ್ಲ. ಹನ್ನೊಂದು ಮೂಗುಸಾಕ್ಷಿ ಪತ್ರಗಳಲ್ಲೂ ಇರುವುದು ನನ್ನ ಸಹಿ.

ಕಳೆದ ವಾರ ಹನ್ನೆರಡನೆಯ ಪತ್ರ ಹಿಡಿದು ಬಂಡೆಗೆ ಹೋದಾಗ ಕೇತಮ್ಮ ಬಳ್ಳಿಯ ಮುಂದೆ ಕುಳಿತಿದ್ದರು.

‘ಏನಪ್ಪಾ ಬರೆಯೋನೆ, ಬೇರ್ ಮೂಸಾಕೆ ಬಳ್ಳೀನೆ ಕೀಳ್ತೀಯಲ್ಲ, ನಿನ್ ಮೂಗ್ ನೋಡ್ಬೇಕು ಅಂದ್ರೆ ತಲೆ ಕಡ್ದು ಕೊಡ್ತೀಯಾ?’ ಎಂದರು.

ನಿಯಮ ಹಾಗಿದೆಯಮ್ಮ ಎಂದೆ.

‘ನಿಯಮ ಯಾವತ್ತಾದ್ರೂ ಗೆಡ್ಡೆ ಅಗ್ದದಾ?’

ಅವರು ಬುಡದ ಒಂದೇ ಪಕ್ಕದಲ್ಲಿ ಕೋಲಿನಿಂದ ಮಣ್ಣು ಸಡಿಲಿಸಿ, ಕೈ ತೂರಿಸಿ, ಬೆರಳುದ್ದದ ಒಂದು ತುಂಡನ್ನಷ್ಟೇ ಕೊಯ್ದು ತೆಗೆದರು. ಪರಿಮಳ ನಾನು ನಿಂತಲ್ಲಿಗೇ ಬಂತು. ಆಮೇಲೆ ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಟ್ಟರು. ಈ ಪಕ್ಕ ಈ ವರ್ಷ ನಮ್ಮ ಪಾಲು, ಆ ಪಕ್ಕ ಬಳ್ಳಿಯ ಪಾಲು. ಕಲ್ಲು ಕಂಡವರು ಅಲ್ಲಿ ಮತ್ತೆ ಅಗೆಯಬಾರದು. ಅವರ ಅಜ್ಜಿಯ ಕಾಲದಿಂದ ಬಂದ ಪದ್ಧತಿ ಅದು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ನೀನ್ ಕೇಳಿದ್ದು ಎಷ್ಟ್ ಬಳ್ಳಿ ಅಂತ. ಹೆಂಗ್ ಅಗೀತೀರಿ ಅಂತ ಕೇಳ್ಲಿಲ್ವಲ್ಲ, ಕಂದಾ.’

ಆ ಬಳ್ಳಿ ಇಂದೂ ಹಸಿರಾಗಿದೆ. ಅದರಲ್ಲೊಂದು ಜೋಡಿ ಕಾಯಿಯಿದೆ. ಬೀಜ ಹಳತಾದರೆ ಮೊಳೆಯುವುದಿಲ್ಲ. ಕಾಯಿ ಒಡೆದ ಕೂಡಲೇ ಬಂಡೆಯ ಸಂದಿಗಳಲ್ಲಿ ಮಣ್ಣು ತುಂಬಿ ಬಿತ್ತಬೇಕು.

ನಿಮ್ಮ ಕಾಲದಲ್ಲಿ ಈ ಬೇರು ಸಂತೆಗೆ ಕಟ್ಟುಕಟ್ಟಾಗಿ ಬರುತ್ತಿತ್ತೆಂದು ಓದಿದ್ದೇನೆ. ಕೊಳ್ಳುವಾಗ ಒಂದು ಮಾತು ಕೇಳಿ: ಒಂದು ಪಕ್ಕ ಅಗೆದದ್ದೋ, ಬುಡಸಮೇತ ಕಿತ್ತದ್ದೋ? ಹೇಗೆ ಅಗೆದರೆಂದು ತಿಳಿದಿದ್ದನ್ನು ಬರೆದಿಡಿ. ನಮಗೆ ಬೇಕಿರುವುದು ಆ ಬರಹ.

ಒಂದೇ ಪಕ್ಕ ಅಗೆದು ಕೊಡುವ ಮೂಗುಸಾಕ್ಷಿಯನ್ನು ಒಪ್ಪಬೇಕೆಂಬ ಅರ್ಜಿ ಬೆಟ್ಟಸಭೆಯ ಮುಂದಿದೆ. ಕೇತಮ್ಮ ಅಲ್ಲಿ ಅಗೆದು ತೋರಿಸುತ್ತಾರೆ. ಸಭೆ ಮಾರ್ಚ್ 4ರಂದು ಬೆಳಗ್ಗೆ ಏಳಕ್ಕೆ, ಹದ್ದುಬಂಡೆಯ ಮೇಲೆ.

ಕಾಡಸಿದ್ಧ
ದಾಖಲೆಗಾರ, ತಳಿಮನೆ