ಒಂಬತ್ತು ಸೊನ್ನೆ

ಸೋಮವಾರ, 3 ನವೆಂಬರ್ 2025

ಮಾತ್ರೆ ಆಯಿತು. ಚಹಾ ಆಯಿತು. ಇದೊಂದನ್ನು ಇಲ್ಲಿಯೂ ಬರೆಯದೇ ಬಿಡುವವಳಿದ್ದೆ — ಆ ದಿನವೇ ನನಗೆ ಕಂಡಿತ್ತು. ಹುಡುಗಿ ಜೋಡಿಸಿದ ಒಂಬತ್ತು ಚಿತ್ರಗಳೂ ಪೂರ್ತಿಯಾಗಿದ್ದವು, ಎಡ-ಬಲ ಮಾತ್ರ ಅದಲುಬದಲು. ಕಂಡೂ ಒಂಬತ್ತು ಸೊನ್ನೆ ಹಾಕಿದೆ.

ಹನ್ನೆರಡು ವರ್ಷದ ಹಿಂದೆ. ಶಿಗ್ಲಿಯ ಶಾಲೆ. ನೇಕಾರರ ಹುಡುಗಿ ಶೃತಿ, ಹನ್ನೊಂದು ವರ್ಷ, ಓದು ಹತ್ತುತ್ತಿರಲಿಲ್ಲ. ಬುದ್ಧಿ ಅಳೆಯಲು ಗದಗಿನಿಂದ ಹೋದ ಮನಶ್ಶಾಸ್ತ್ರಜ್ಞೆ ನಾನು. ಕಾರ್ಡಿನ ಚಿತ್ರ ನೋಡಿ ಕೆಂಪು-ಬಿಳಿ ಬ್ಲಾಕು ಜೋಡಿಸಬೇಕು. ತಿರುಗಿದ್ದರೆ ತಪ್ಪು — ಅದು ನಿಯಮ. ಆದರೆ ಒಂಬತ್ತೂ ಒಂದೇ ರೀತಿ ತಿರುಗಿದ್ದರೆ ಯಾಕೆಂದು ಕೇಳಬೇಕು. ಕೇಳಲಿಲ್ಲ. ನಾಲ್ಕು ತಿಂಗಳಿಂದ ನಿದ್ದೆಯಿರಲಿಲ್ಲ. ಖಿನ್ನತೆಯ ಮಾತ್ರೆ ಇನ್ನೂ ಶುರುವಾಗಿರಲಿಲ್ಲ. ನನ್ನ ಬದುಕಿಗೇ ಆ ವಾರ ಸೊನ್ನೆ ಹಾಕಿಕೊಂಡಿದ್ದೆ. ಬೇಗ ಮುಗಿಸಿ ಮನೆಗೆ ಹೋಗಿ ಮಲಗಬೇಕಿತ್ತು, ಅಷ್ಟೇ.

ಇವತ್ತೇಕೆ ಈ ಮಾತು? ಬೆಟಗೇರಿಯ ನೇಕಾರಿಕೆ ತರಬೇತಿ ಕೇಂದ್ರದಿಂದ ಪುಂಡಲೀಕಪ್ಪ ಎಂಬವರ ಫೋನು.

"ಮೇಡಮ್ಮಾರ, ಶಿಗ್ಲಿ ಶೃತಿ ಕೈಕೆಲಸ ನೋಡಿ ನೇಯೋದು ಕಲಿಸಾಕ ಬಾರವಾ ಅಂತ ನಾನಽ ಕರದೇನ್ರಿ. ಆದ್ರ ಅರ್ಜಿ ಜೋಡಿ ನಿಮ್ಮ ಸಹಿ ಇರೋ ಕಾಗದ ಐತಿ. ಸ್ವಂತ ನಿರ್ಧಾರ ಮಾಡಾಕ ಬರಂಗಿಲ್ಲ ಅಂತ ಬರದೀರಂತ. ಅಂಥಾಕಿ ಕೈಯಾಗ ಹತ್ತು ಮಂದಿ ಹುಡಿಗ್ಯಾರನ್ನ ಹೆಂಗ ಕೊಡ್ಲಿ?"

ಇಪ್ಪತ್ತನೇ ತಾರೀಖಿನೊಳಗೆ ಬೇರೆ ಕಾಗದ ಬರದಿದ್ದರೆ ಜಾಗ ಬೇರೆಯವರಿಗೆ.

ಶನಿವಾರ, 8 ನವೆಂಬರ್, ರಾತ್ರಿ 8

ಶಿಗ್ಲಿಗೆ ಹೋಗಿ ಬಂದೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕ್ಷಮೆಯ ವಾಕ್ಯ ತಿದ್ದುತ್ತಿದ್ದೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಬಂತು. ಅದಕ್ಕೇ ನಂಬಲಿಲ್ಲ.

ತಾಯಿ ಹನಮಂತವ್ವ ನನ್ನ ಗುರುತು ಹಿಡಿದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆ ರಿಪೋರ್ಟನ್ನು ಲ್ಯಾಮಿನೇಶನ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದಳಂತೆ, ಇಷ್ಟು ವರ್ಷ.

"ಕೆಳಗ ಗೋಲ ಶಿಕ್ಕಾ ಒತ್ತಿದ್ರಲ್ರಿ. ಇಂಗ್ಲಿಷಿನ್ಯಾಗ ಮಗಳ ಹೆಸರು ಇತ್ತು. ಏನೋ ಪಾಸಾಗ್ಯಾಳ ಅಂತ ತಿಳದಿದ್ದೆ. ನಾನಽ ಅರ್ಜಿಗೆ ಹಚ್ಚಿ ಕೊಟ್ಟೇನಿ."

"ಆಗ ನಿಮಗೆ ಯಾರೂ ಹೇಳಲಿಲ್ಲವೇ?"

"ನೀವು ಹೆಡ್‌ಮಾಸ್ತರಿಗೆ ಹೇಳಿದ್ರಿ. ಅವರು ನನಗ, ಸಾಲಿ ಬಿಡಿಸಿ ಮನ್ಯಾಗ ಕೆಲಸ ಕಲಿಸವಾ ಅಂದ್ರು. ಕಲಿಸಿದೆ."

ಶೃತಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಮಾತು ನಿಧಾನ. ತಲೆ ಎತ್ತಲಿಲ್ಲ.

"ನಿಮ್ಮ ಬ್ಲಾಕಿನ ಡಬ್ಬಿ ನೆನಪೈತ್ರಿ. ಎಲ್ಲಾ ಮಾಡಿದ್ದೆ. ನೀವು ತಪ್ಪು ಅನ್ನಲಿಲ್ಲ, ಬರೋಬ್ಬರಿ ಅನ್ನಲಿಲ್ಲ. ಬರೇ ಬರಕೊಂಡ್ರಿ."

ಯಾಕೆ ತಿರುಗಿಸಿ ಜೋಡಿಸಿದೆ ಎಂದು ಕೇಳಿದೆ. ಹನ್ನೆರಡು ವರ್ಷ ತಡವಾಗಿ.

ಅವಳು ಗೂಡಿನಿಂದ ಒಂದು ಸಣ್ಣ ಕನ್ನಡಿ ತೆಗೆದು, ನೇಯುತ್ತಿದ್ದ ಸೆರಗಿನ ಕೆಳಗೆ ಹಿಡಿದಳು. ಬಗ್ಗಿ ನೋಡಿದೆ. ಮೇಲೆ ಎಳೆಗಳ ಗೋಜಲು, ಎಡಕ್ಕೆ ಮುಖ ಮಾಡಿದ ಗಿಳಿ. ಕನ್ನಡಿಯಲ್ಲಿ ಬಣ್ಣ ತುಂಬಿದ ಗಿಳಿ; ಬಟ್ಟೆ ಹೊರಳಿಸಿದರೆ ಅದು ಬಲಕ್ಕೆ ನೋಡುತ್ತದೆ.

"ನಮ್ಮ ಮನ್ಯಾಗ ಸೀದಾ ಯಾವಾಗ್ಲೂ ಕೆಳಗರಿ. ಮ್ಯಾಲೆ ಉಲ್ಟಾ ಮಾಡಿದ್ರ ಕೆಳಗ ಸೀದಾ ಬೀಳತೈತಿ. ನೀವು ಟೇಬಲ್ ಮ್ಯಾಲೆ ಕೊಟ್ರಿ, ನಾ ಕೆಳಗಿಂದ ನೋಡಾವ್ರಿಗೆ ಮಾಡಿದೆ."

ಟೇಬಲ್ಲಿನ ಕೆಳಗೆ ಯಾರೂ ಇರಲಿಲ್ಲ. ಎದುರಿಗೆ ಕುಳಿತ ನಾನೂ ಇರಲಿಲ್ಲ ಎಂದೇ ಹೇಳಬೇಕು.

ಮತ್ತೊಮ್ಮೆ ಪರೀಕ್ಷೆ ಕೊಡುತ್ತೀಯಾ, ಬೇರೆಯವರಿಂದ ಮಾಡಿಸೋಣ ಎಂದೆ.

"ಒಲ್ಲೆರಿ. ಈಗ ನೀವು ಇಲ್ಲಿ ಕುಂಡ್ರಿ. ನಾ ಮಾರ್ಕ್ಸ್ ಕೊಡ್ತೀನಿ."

"ಏ ಶೃತಿ, ದೊಡ್ಡಾವ್ರಿಗೆ ಹಂಗ ಅಂತಾರೇನವಾ!" — ತಾಯಿ.

ಕುಳಿತೆ. ಲಾಳಿ ಎರಡು ಸಲ ಹಾರಿ ನೆಲಕ್ಕೆ ಬಿತ್ತು. ಮೂರನೇ ಸಲ ಎಳೆ ಹರಿಯಿತು. ಶೃತಿ ಗಂಭೀರವಾಗಿ ನೋಡಿ ಹೇಳಿದಳು: "ಹತ್ತಕ್ಕ ಒಂದು. ಕುಂತಿದ್ದಕ್ಕ."

ಹನಮಂತವ್ವ ನಕ್ಕಳು. ನಾನೂ. ಆಮೇಲೆ ಶೃತಿ ಹರಿದ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸಿದಳು, ಗಂಟು ಸಹ ಕಾಣದಂತೆ. ಎಳೆ ತಪ್ಪಿದ ಜಾಗವನ್ನು ಹೇಗೆ ಗುರುತಿಸಬೇಕೆಂದು ತೋರಿಸಿದಳು. ನನಗೆ ಯಾರೂ ಹೀಗೆ ತಪ್ಪು ತೋರಿಸಿರಲಿಲ್ಲ.

ಭಾನುವಾರ, 9 ನವೆಂಬರ್

ಹೊಸ ಕಾಗದದಲ್ಲಿ ಅವಳು ಜಾಣೆ ಎಂದು ಬರೆಯಲೇ? ಅದೂ ಇನ್ನೊಂದು ಅಂಕಿಯೇ. ಬಸ್ಸಿನ ಬೋರ್ಡು ಅವಳಿಗೆ ಇವತ್ತಿಗೂ ಓದಲು ಬರುವುದಿಲ್ಲ. ಅದನ್ನೂ ಬರೆಯಬೇಕು. ಅವಳನ್ನು ದೇವತೆ ಮಾಡಿ ನಾನು ಪಾರಾಗಬಾರದು.

ಓದು ಬಾರದವಳು ಕಲಿಸಬಲ್ಲಳು. ಮಾತ್ರೆ ನುಂಗುವವಳು ಅಳೆಯಬಲ್ಲಳು — ನುಂಗುತ್ತಿದ್ದರೆ. ಇನ್ನು ಬದುಕಿನ ಬೆಲೆ? ಅದಕ್ಕೆ ನನ್ನ ಡಬ್ಬಿಯಲ್ಲಿ ಕಾರ್ಡು ಇಲ್ಲ. ಇದೆಯೆಂದು ನಡೆದುಕೊಂಡೆ, ಅವಳ ವಿಷಯದಲ್ಲೂ ನನ್ನ ವಿಷಯದಲ್ಲೂ.

ಗುರುವಾರ, 13 ನವೆಂಬರ್

ಮೂರು ದಿನ ಏನೂ ಬರೆಯಲಿಲ್ಲ. ಹಳೆಯ ಭಾರ. ಎದ್ದೆ, ಸ್ನಾನ ಮಾಡಿದೆ, ಮಾತ್ರೆ ಬಿಡಲಿಲ್ಲ. ಸಾಕು.

ಕಾಗದದ ಕರಡನ್ನು ಮೌನೇಶ ಓದಿದರು. ಮದುವೆಯಾಗಿ ಹದಿನೇಳು ವರ್ಷ, ನನ್ನ ಪ್ರತಿ ಮಾತ್ರೆಯ ಹೆಸರು ಬಲ್ಲ ಗಂಡ.

"ಪರೀಕ್ಷಾ ತಪ್ಪಿತ್ತು ಅಂತ ಬರಿ. ನಿನಗ ಆರಾಮ ಇರ್ಲಿಲ್ಲ ಅನ್ನೋದು ಯಾಕ? ನಾಳೆ ನಿನ್ನ ಎಲ್ಲಾ ರಿಪೋರ್ಟೂ ತಗದು ಕೇಳ್ತಾರ. ಹುಚ್ಚಿ ಕೊಟ್ಟ ಕಾಗದ ಅಂತಾರ."

"ಕೇಳಲಿ ಅಂತಲೇ."

"ಕೆಲಸ ಹೋದೀತು, ಸೀಮಾ."

"ಹೋದೀತು."

ಆಮೇಲೆ ಅಟ್ಟದ ಮೇಲಿಂದ ಹಳೆಯ ರಜಿಸ್ಟರುಗಳನ್ನು ಅವರೇ ಇಳಿಸಿಕೊಟ್ಟರು, ಧೂಳಿಗೆ ಸೀನುತ್ತ.

ಭಾನುವಾರ, 16 ನವೆಂಬರ್, ಸಂಜೆ

ಆ ನಾಲ್ಕು ತಿಂಗಳಲ್ಲಿ ಶೃತಿಯಲ್ಲದೆ ನಾನು ಅಳೆದ ಮಕ್ಕಳು ಹದಿನಾಲ್ಕು. ಶಿರಹಟ್ಟಿ, ಮುಂಡರಗಿ, ಕೊರ್ಲಹಳ್ಳಿ, ಅಸುಂಡಿ. ಒಬ್ಬೊಬ್ಬರ ಹೆಸರೂ ಮತ್ತೊಮ್ಮೆ ಕೈಯಲ್ಲಿ ಬರೆದೆ. ಈಗ ಎಲ್ಲರೂ ದೊಡ್ಡವರು. ಯಾರ ಟ್ರಂಕಿನಲ್ಲಿ ನನ್ನ ಶಿಕ್ಕಾ ಇದೆಯೋ.

ಎರಡು ಕಾಗದ. ಒಂದು ಪುಂಡಲೀಕಪ್ಪನವರಿಗೆ: ಶೃತಿಯ ರಿಪೋರ್ಟನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಅವಳು ಏನು ಮಾಡಬಲ್ಲಳೆಂದು ಅವಳ ಮಗ್ಗದ ಹತ್ತಿರ ಕುಳಿತು ನೋಡಿ. ಇನ್ನೊಂದು ಜಿಲ್ಲಾ ಕಚೇರಿಗೆ, ಹದಿನಾಲ್ಕು ಹೆಸರಿನೊಡನೆ: ಬೇರೆಯವರು ಮತ್ತೆ ನೋಡಲಿ. ಎರಡರಲ್ಲೂ ಆ ವಾಕ್ಯ ಹಾಗೇ ಇದೆ — ಆಗ ನನಗೆ ಖಿನ್ನತೆಯಿತ್ತು, ತಪ್ಪು ಕಣ್ಣಿಗೆ ಬಿತ್ತು, ಕೇಳದೆ ಸಹಿ ಹಾಕಿದೆ.

ಕನ್ನಡದಲ್ಲಿ ಬರೆದೆ. ಈ ಸಲ ಹನಮಂತವ್ವನಿಗೆ ಯಾರಾದರೂ ಓದಿ ಹೇಳಬಹುದು.

ಲಕೋಟೆ ಅಂಟಿಸಿದ್ದೇನೆ. ಸ್ಪೀಡ್ ಪೋಸ್ಟ್ — ನಾಳೆ, ಸೋಮವಾರ, 17 ನವೆಂಬರ್ 2025, ಅಂಚೆ ಕಚೇರಿಯ ಬಾಗಿಲು ತೆಗೆಯುತ್ತಲೇ.