ಹೆಣ್ಣು ತೋರಿಸಿದ ಹಾಗೆ

ನವೆಂಬರ್ 3, ಸೋಮವಾರ. ಬೆಳಿಗ್ಗೆ ಹತ್ತು

ಹಾಲು ಉಕ್ಕಿತು. ಒಲೆ ಮುಂದೆ ನಿಲ್ಲಿಸಿ ಹೋಗಿದ್ದೆ ಮೊಮ್ಮಗಳನ್ನ. ನಿಂತೇ ಇದ್ದಳು. ಅವಳ ಕಣ್ಣೆದುರೇ ಉಕ್ಕಿತು.

"ಏನ್ ನೋಡಾಕತ್ತಿದ್ದೆಲೇ?"

"ಗುಳ್ಳಿ ಎಣಸಾಕತ್ತಿದ್ದೆ ಅಜ್ಜಿ. ಎಂಬತ್ತಕ್ಕ ಲೆಕ್ಕ ತಪ್ತು."

ಹದಿನೈದು ವರ್ಷ. ಹತ್ತನೇ ತರಗತಿ. ಸ್ಕೂಲಿಗೆ ಹೋದ ಮೇಲೆ ನೋಡಿದರೆ ಕಂಪಾಸು ಬಾಕ್ಸು ಕಟ್ಟೆ ಮೇಲೆ, ಒಂದು ಸಾಕ್ಸು ಬಾಗಿಲಲ್ಲಿ, ಊಟದ ಡಬ್ಬಿ ಕೊಡದ ಹತ್ತಿರ. ಎರಡು ಹಾಳೆ ಬರೆದು ಬಿಟ್ಟ ನೋಟ್‌ಬುಕ್ಕು ಮನೆಯಲ್ಲಿ ಹನ್ನೊಂದು ಇವೆ. ಇದು ಅದರಲ್ಲೊಂದು. ಹಾಳಾಗುವುದು ಬೇಡ ಅಂತ ನಾನು ಬರೆಯುತ್ತಿದ್ದೇನೆ. ಮೂರನೇ ಇಯತ್ತೆ ಓದಿದವಳಿಗೆ ಇಷ್ಟು ಸಾಕು.

ಮಗ ಸಂಜೀವ ಬಸ್ ಕಂಡಕ್ಟರು. ಸೊಸೆ ಹಡಗಲಿಯ ಹಾಸ್ಟೆಲಿನಲ್ಲಿ ಅಡುಗೆಯವಳು, ಭಾನುವಾರಕ್ಕೊಮ್ಮೆ ಬರುತ್ತಾಳೆ. ಹುಡುಗಿ ನನ್ನ ಕೊರಳಿಗೆ. ಕ್ರಾಂತಿ ಅಂತ ಹೆಸರು, ಅವರಪ್ಪ ಯೂನಿಯನ್ ಮೀಟಿಂಗಿನಿಂದ ಬಂದು ಇಟ್ಟಿದ್ದು. ಕೂಗಿದರೆ ಮೂರನೇ ಸಲಕ್ಕೆ ತಿರುಗುತ್ತಾಳೆ.

ಶನಿವಾರ ಹೆಡ್‌ಮಾಸ್ಟರು ಗುರುಸಂಗಪ್ಪ ಕರೆಸಿದ್ದರು.

"ಪಕ್ಕೀರಮ್ಮ, ನಿಮ್ ಹುಡುಗಿ ಗಣಿತದ ಪೇಪರ್‌ನಾಗ ಉತ್ತರ ಬರದಿಲ್ಲ. ಡೆಸ್ಕಿನ ಮ್ಯಾಲೆ ಬರದಾಳ. ಉತ್ತರ ಸರಿ ಐತಿ. ಡೆಸ್ಕಿಗೆ ಮಾರ್ಕ್ಸ್ ಕೊಡ್ಲೇನು?"

"ಕೊಡ್ರಿ ಸಾರ್. ಡೆಸ್ಕೂ ನಿಮ್ ಸ್ಕೂಲಿಂದ ಅಲ್ಲ?"

ನಗಲಿಲ್ಲ. ಎಸ್ಸೆಸ್ಸೆಲ್ಸಿ ಫಾರಂ ಇಪ್ಪತ್ತನೇ ತಾರೀಕು ಹೋಗುತ್ತದಂತೆ. ಅಷ್ಟರೊಳಗೆ ಡಾಕ್ಟರ ಕಾಗದ ತಂದರೆ ಪರೀಕ್ಷೆಗೆ ಹೆಚ್ಚಿನ ಹೊತ್ತು ಕೇಳಬಹುದು. ತರದಿದ್ದರೆ ಟಿ.ಸಿ. ತಗೊಂಡು ಹೋಗಿ ಅಂದರು. ಅವರಿಗೆ ನೂರಕ್ಕೆ ನೂರು ರಿಸಲ್ಟು ಬೇಕು.

ಹೊರಗೆ ಬಂದಾಗ ಗಂಗಾಂಬಿಕಾ ಟೀಚರು ಹಿಂದೆಯೇ ಬಂದರು. "ಕೂಡ್ಲಿಗಿ ಆಸ್ಪತ್ರಿಗೆ ಮಂಗಳವಾರ ಮನಸ್ಸಿನ ಡಾಕ್ಟ್ರು ಬರ್ತಾರ್ರಿ. ಕರ್ಕೊಂಡ್ ಹೋಗ್ರಿ. ಇಕಿ ದಡ್ಡಿ ಅಲ್ಲ."

ನನಗೆ ಗೊತ್ತಿಲ್ಲವೇ ದಡ್ಡಿ ಅಲ್ಲ ಅಂತ.

ನವೆಂಬರ್ 4, ಮಂಗಳವಾರ. ಸಂಜೆ

ತಲೆಗೆ ಎಣ್ಣೆ ಹಾಕಿ ಬಿಗಿದು ಹೆಣೆದೆ. ಯುಗಾದಿಗೆ ತಂದ ಚೂಡಿದಾರ ತೊಡಿಸಿದೆ. ತಲೆ ಎತ್ತಬೇಡ, ಕಾಲು ಕುಣಿಸಬೇಡ, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಅಂತ ದಾರಿಯುದ್ದಕ್ಕೂ ಹೇಳಿದೆ. ಹಾಗೇ ಕೂತಳು ಪುಣ್ಯಾತ್ಗಿತ್ತಿ.

ಡಾಕ್ಟರು ಹೆಣ್ಣುಮಗಳು, ಚಿಕ್ಕ ವಯಸ್ಸು. ಚಿಕ್ಕಂದಿನಲ್ಲಿ ಹೇಗಿದ್ದಳು ಅಂತ ಕೇಳಿದರು.

"ಏಳನೇತ್ತ ಸಾಲಿ ಮುಗಿಯೋ ತನಕ ಬಂಗಾರ ಇದ್ಲ್ರಿ. ಹೇಳಿದ್ ಕೆಲ್ಸ ಮಾಡ್ತಿದ್ಲು, ಕುಂತಲ್ಲೇ ಕುಂದರತಿದ್ಲು."

"ಮನೆತನದಲ್ಲಿ ಹೀಗೆ ಯಾರಾದರೂ ಇದ್ದರಾ?"

"ನಮ್ ವಂಶದಾಗ ಅಂಥವ್ರು ಯಾರೂ ಇಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಿ ಅಮ್ಮಾ, ಎ.ಡಿ.ಎಚ್.ಡಿ. ಅನ್ನೋ ಈ ಗಮನ ನಿಲ್ಲದ ತೊಂದರೆ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತೆ. ಹನ್ನೆರಡು ವರ್ಷದ ತನಕ ಏನೂ ಇರಲಿಲ್ಲ ಅಂದರೆ ಅದು ಅಂತ ನಾನು ಬರೆದುಕೊಡೋಕಾಗಲ್ಲ. ದಿನಾ ಏನೇನಾಯ್ತು ಬರೆದಿಡಿ. ಹದಿನೆಂಟನೇ ತಾರೀಕು ಬನ್ನಿ."

ರೋಗವಿಲ್ಲ ಅಂತ ಖುಷಿಯಿಂದ ಎದ್ದು ಬಂದೆ. ಬಸ್ಸು ಅರ್ಧ ದಾರಿ ಬಂದ ಮೇಲೆ ಹೊಳೆಯಿತು — ಕಾಗದವೂ ಇಲ್ಲ.

ನವೆಂಬರ್ 5

ಸಂಜೀವ ಸಿಟ್ಟಿನಿಂದ ಕುಣಿದಾಡಿಬಿಟ್ಟ.

"ಯವ್ವಾ, ಡಾಕ್ಟ್ರೇನು ಹೆಣ್ಣು ನೋಡಾಕ ಬಂದಿದ್ರಾ? ಒಂದನೇತ್ತದಾಗ ಸಕ್ರಿ ತರಾಕ ಕಳ್ಸಿದ್ರ ಉಜ್ಜಿನಿ ಬಸ್ ಹತ್ತಿ ಹೋಗಿದ್ದು ಯಾರು? ನೀನs ಎದಿ ಎದಿ ಬಡ್ಕೊಂಡು ಹುಡುಕಿದ್ದಿ!"

ಹೌದು. ಉಜ್ಜಿನಿ ಗುಡಿ ಮುಂದೆ ಕೂತು ಬಂದವರ ಚಪ್ಪಲಿ ಎಣಿಸುತ್ತಿದ್ದಳು. ಎರಡನೇತ್ತದಲ್ಲಿ ಮಾಸ್ತರು ಇವಳನ್ನ ಬೆಂಚಿಗೆ ಟವೆಲ್ಲಿನಿಂದ ಕಟ್ಟಿದ್ದರು. ಅದೂ ಹೌದು.

ಏನು ಮಾಡಲಿ. ಹುಡುಗಿಯ ವಿಷಯ ಪರಸ್ಥಳದವರು ಕೇಳಿದರೆ ಬಾಯಿಗೆ ಒಳ್ಳೆಯದೇ ಬರುತ್ತದೆ. ಐವತ್ತು ವರ್ಷದ ಚಾಳಿ. ಕಾಲು ಕುಂಟಾದರೂ ನಡಿಗೆ ಚೆಂದ ಅನ್ನಬೇಕು.

ಡಾಕ್ಟರಿಗೆ ತೋರಿಸುವುದು ನೋಟ್‌ಬುಕ್ಕಿನ ಮುಂದಿನಿಂದ ಶುರು ಮಾಡಿದ್ದೇನೆ. ಇದು ಹಿಂದಿನಿಂದ. ಇದನ್ನ ಯಾರೂ ನೋಡುವುದು ಬೇಡ.

ನವೆಂಬರ್ 8, ಶನಿವಾರ

ಒಂದು ಉಪಾಯ ಸಿಕ್ಕಿತು. ತಾನಾಗಿಯೇ ಸಿಕ್ಕಿತು, ನನ್ನ ಜಾಣತನ ಏನಿಲ್ಲ.

ರೊಟ್ಟಿ ಬಡಿಯುತ್ತಿದ್ದೆ. ಕ್ರಾಂತಿ ಎದುರಿಗೆ ಲೆಕ್ಕ ಹಿಡಿದು ಕೂತಿದ್ದಳು. ಅಂದರೆ ಕೂತಿರಲಿಲ್ಲ — ಎದ್ದಳು, ನೀರು ಕುಡಿದಳು, ಬೆಕ್ಕು ಓಡಿಸಿದಳು. ಸಿಟ್ಟು ಬಂತು. "ಈ ರೊಟ್ಟಿ ಹಂಚಿಗೆ ಹಾಕೂದ್ರೊಳಗ ಒಂದು ಲೆಕ್ಕ ಮುಗ್ಸು. ಒಂದs. ಮುಗೀಲಿಲ್ಲ ಅಂದ್ರ ರೊಟ್ಟಿ ಬೆಕ್ಕಿಗೆ."

ಕೈ ಸಪ್ಪಳಕ್ಕೆ ಸರಿಯಾಗಿ ಬರೆದಳು. ಸಪ್ಪಳ ನಿಂತಿತು, ಲೆಕ್ಕ ಮುಗಿಯಿತು. ಎರಡನೇ ರೊಟ್ಟಿ, ಎರಡನೇ ಲೆಕ್ಕ. ಏಳು ರೊಟ್ಟಿ, ಏಳು ಲೆಕ್ಕ. ಎಂಟನೆಯದು ಹೊತ್ತಿತು, ಯಾಕೆಂದರೆ ನಾನೇ ಅವಳ ಮುಖ ನೋಡುತ್ತಾ ಕೂತಿದ್ದೆ.

"ಪರೀಕ್ಷಿಗೆ ನೀನೂ ಬಾ ಅಜ್ಜಿ. ಹಿಟ್ಟಿನ ಪರಾತ ತಗೊಂಡು."

"ಬರ್ತೀನಿ. ನಿಮ್ ಗುರುಸಂಗಪ್ಪಗೂ ಎರಡು ಬಡೀತೀನಿ."

"ರೊಟ್ಟೀನಾ?"

"ಅದೂ."

ತುಂಬಾ ದಿನದ ಮೇಲೆ ನಕ್ಕಳು.

ನವೆಂಬರ್ 9

ಹನ್ನೆರಡು ಲೆಕ್ಕ. ಸೊಸೆ ಬಂದಿದ್ದಳು, ನೋಡಿ ಕಣ್ಣೊರೆಸಿಕೊಂಡಳು. ರೊಟ್ಟಿ ಹೆಚ್ಚಾಗಿ ಓಣಿಗೆಲ್ಲ ಹಂಚಿದೆ.

ನವೆಂಬರ್ 12, ಬುಧವಾರ

ಸ್ಕೂಲಿನಲ್ಲಿ ಟೆಸ್ಟು. ಅಲ್ಲಿ ಯಾರು ರೊಟ್ಟಿ ಬಡಿಯುತ್ತಾರೆ. ಪೆನ್ನಿನಿಂದ ಡೆಸ್ಕು ಕುಟ್ಟಿದಳಂತೆ, ಹೊರಗೆ ನಿಲ್ಲಿಸಿದರಂತೆ. ಬಂದವಳು ಬ್ಯಾಗು ಹಿತ್ತಲಿಗೆ ಎಸೆದಳು.

"ಅಪ್ಪಗ ಹೇಳು, ಟಿ.ಸಿ. ತರ್ಲಿ."

"ತಂದು ಏನ್ ಮಾಡ್ತಿ? ದನ ಕಾಯ್ತೀ? ಬಿಟ್ಟಲ್ಲಿ ದನ, ನೋಡಿದಲ್ಲಿ ನೀನು!"

ಬೇರೆ ದಿನವಾಗಿದ್ದರೆ ತಿರುಗಿ ಬೈಯುತ್ತಿದ್ದಳು. ಇವತ್ತು ಮೆತ್ತಗೆ ಅಂದಳು. "ಡಾಕ್ಟ್ರಿಗೆ ನೀನs ಹೇಳ್ದಿ ಅಲ್ಲಜ್ಜಿ. ವಂಶದಾಗ ಯಾರೂ ಹಿಂಗಿಲ್ಲಂತ. ರೋಗಾನೂ ಅಲ್ಲಂತ. ಅಂದ್ರ ನಾನs ಕೆಟ್ಟಾಕಿ. ನಾನೊಬ್ಬಾಕಿ."

ಒಬ್ಬಾಕಿ ಅಲ್ಲ ಅನ್ನಬೇಕಿತ್ತು. ಬ್ಯಾಗು ತರಲು ಹಿತ್ತಲಿಗೆ ಹೋದೆ.

ನವೆಂಬರ್ 14. ಮಧ್ಯಾಹ್ನ

ಎರಡು ದಿನ ಆಯಿತು, ಸ್ಕೂಲಿಗೆ ಹೋಗಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ರೊಟ್ಟಿ ಬಡಿದರೂ ತಿರುಗಲಿಲ್ಲ.

ಬರೆದೇ ಬಿಡುತ್ತೇನೆ. ಒಬ್ಬಳಿದ್ದಳು. ನನ್ನ ಮಗಳು, ಶಿವಗಂಗಾ, ಸಂಜೀವನ ಅಕ್ಕ. ಇದೇ ಕಾಲು ಕುಣಿಸುವುದು, ಇದೇ ಮರೆವು. ನೀರಿಗೆ ಕಳಿಸಿದರೆ ಕೊಡ ಬಿಟ್ಟು ಬರುತ್ತಿದ್ದಳು. ಬಾಯಿಲೆಕ್ಕದಲ್ಲಿ ಮಾಸ್ತರನ್ನೇ ಹಿಂದೆ ಹಾಕುತ್ತಿದ್ದಳು. ಬರೆಯಲು ಕೂರಿಸಿದರೆ ಇಲ್ಲ. ಹುಡುಗಿಗೆ ಚಂಚಲ ಜಾಸ್ತಿ ಅಂದರು ಜನ. ಊರೂರು ತಿರುಗುವವನೊಬ್ಬ ಬಂದ, ಬಳೆಚೂರು ಕೆಂಪಗೆ ಕಾಸಿ ಎಡಗೈಗೆ ಮೂರು ಕಡೆ ಚುಟಿಕೆ ಹಾಕಿದ. ಹನ್ನೊಂದು ವರ್ಷದ ಹುಡುಗಿ. ಅವರಪ್ಪನೇ ಹಾಕಿಸಿದ್ದು. ನಾನು ಅಡುಗೆಮನೆಯಲ್ಲಿದ್ದೆ.

ಚಂಚಲ ಇಳಿಯಲಿಲ್ಲ. ಮಾತು ಇಳಿಯಿತು. ಏಳನೇತ್ತಕ್ಕೆ ಬಿಡಿಸಿದೆವು, ಹದಿನೇಳಕ್ಕೆ ಹರಪನಹಳ್ಳಿಗೆ ಕೊಟ್ಟೆವು. ನೋಡಲು ಬಂದವರಿಗೆ ಹೇಳಿದ್ದು ನಾನೇ — ಬಂಗಾರದಂಥಾ ಹುಡುಗಿ, ಕುಂತಲ್ಲೇ ಕುಂದರತಾಳ.

ಈಗ ನಲವತ್ತಾರು. ತೋಳು ಮುಚ್ಚುವ ಕುಪ್ಪಸವೇ ತೊಡುತ್ತಾಳೆ, ಬೇಸಿಗೆಯಲ್ಲೂ.

ನವೆಂಬರ್ 16, ಭಾನುವಾರ

ಶಿವಗಂಗಾಗೆ ಫೋನು ಮಾಡಿದೆ. ಮೂರು ಸಲ ಡಯಲ್ ಮಾಡಿ ಇಟ್ಟಿದ್ದೆ.

"ಮಂಗಳವಾರ ಕೂಡ್ಲಿಗಿಗೆ ಬಾರವ್ವ. ಡಾಕ್ಟ್ರ ಮುಂದ ನಿನ್ ಸುದ್ದಿ ಹೇಳಬೇಕು. ಕ್ರಾಂತಿ ಸಲುವಾಗಿ."

ತಡಿ ಅಂದು ಬಾಗಿಲು ಹಾಕಿಕೊಂಡು ಬಂದಳು.

"ಎಲ್ಲಾ ಹೇಳ್ತೀಯೇನವ್ವ?"

"ಹೇಳ್ತೀನಿ."

"ಬರ್ತೀನಿ. ಬಸ್ ಮರೀದಂಗ ಏಳಕ್ಕ ಒಂದ್ ಫೋನ್ ಮಾಡು."

ನವೆಂಬರ್ 18, ಮಂಗಳವಾರ. ಸಂಜೆ

ಈ ಸಲ ಎಣ್ಣೆ ಹಾಕಲಿಲ್ಲ. ಕ್ರಾಂತಿ ತಲೆ ಕೆದರಿಕೊಂಡೇ ಬಂದಳು. ನಾನು ಬೇಡಿಕೊಂಡೆ ಅಂತ ಬಂದಳು. ಚಪ್ಪಲಿ ಒಂದು ಕಪ್ಪು, ಒಂದು ಕಂದು.

ಕೂತ ಕೂಡಲೇ ಅಂದೆ. "ಡಾಕ್ಟ್ರ, ಹೋದ ಸಲ ಸುಳ್ಳು ಹೇಳೀನಿ." ಉಜ್ಜಿನಿ ಬಸ್ಸು ಹೇಳಿದೆ, ಟವೆಲ್ಲು ಹೇಳಿದೆ. ಹುಡುಗಿ ನೆಲ ನೋಡುತ್ತಿದ್ದಳು. ಆಮೇಲೆ ಶಿವಗಂಗಾನ ಕಡೆ ಕೈ ಮಾಡಿ, "ಇಕಿ ನನ್ ಮಗಳು. ಇಕೀನೂ ಹಂಗs ಇದ್ಲು" ಅಂದೆ.

ಕ್ರಾಂತಿ ತಲೆ ಎತ್ತಿದಳು. "ಅತ್ತಿ, ನೀನೂ?"

"ಇದ್ಲು ಅಂದ್ರೇನವ್ವ," ಅಂದಳು ಶಿವಗಂಗಾ. "ಇವತ್ತೂ ಅದೀನಿ. ಒಲಿ ಆರ್ಸೀನೋ ಇಲ್ಲೋ ಅಂತ ಬಸ್‌ನಾಗ ಕುಂತು ನಾಕ್ ಸಲ ಮನಿಗೆ ಫೋನ್ ಮಾಡೀನಿ."

ಅವರಿಬ್ಬರ ಕಾಲೂ ಬೆಂಚಿನ ಕೆಳಗೆ ಒಂದೇ ಸಮ ಕುಣಿಯುತ್ತಿದ್ದವು. ಡಾಕ್ಟರು ಅದನ್ನ ನೋಡಿದರು. ನೋಟ್‌ಬುಕ್ಕಿನ ಮುಂದಿನ ಪುಟ ಎಲ್ಲಾ ಓದಿದರು. ರೊಟ್ಟಿ ವಿಷಯ ಬಂದಾಗ, "ಇದನ್ನ ಯಾರು ಹೇಳಿಕೊಟ್ಟರು?" ಅಂದರು.

"ಹಂಚು" ಅಂದೆ.

ಕ್ರಾಂತಿಯನ್ನ ಒಬ್ಬಳೇ ಕೂರಿಸಿಕೊಂಡು ಒಂದು ತಾಸು ಮಾತಾಡಿದರು. ಗಂಗಾಂಬಿಕಾ ಟೀಚರಿಗೆ ಫೋನು ಹಚ್ಚಿದರು. ಆಮೇಲೆ ಕಾಗದ. ಸಹಿ, ಸೀಲು. ದೊಡ್ಡಾಸ್ಪತ್ರೆಗೂ ಒಮ್ಮೆ ಹೋಗಬೇಕು, ಗುಳಿಗೆ ಬೇಕೋ ಬೇಡವೋ ಅಲ್ಲಿ ನೋಡುತ್ತಾರಂತೆ. ಇದು ಪೂರ್ತಿ ಹೋಗುವುದಲ್ಲವಂತೆ. ಇಟ್ಟುಕೊಂಡೇ ಬಾಳುವುದು.

ಚುಟಿಕೆ ಮಾತು ಅಲ್ಲಿ ಬರಲಿಲ್ಲ. ನಾನು ತೆಗೆಯಲಿಲ್ಲ. ಶಿವಗಂಗಾ ಕಾದಳು, ಗೊತ್ತಾಯಿತು ನನಗೆ.

ನವೆಂಬರ್ 19

ಒಂದು ದಿನ ಮುಂಚೆಯೇ ಕಾಗದ ಮುಟ್ಟಿಸಿದೆವು. ಗುರುಸಂಗಪ್ಪ ಎರಡು ಸಲ ಓದಿ ಫಾರಂಗೆ ಪಿನ್ನು ಹಾಕಿದರು. "ಫೇಲಾದ್ರ ನನ್ನ ಬೈಬ್ಯಾಡ್ರಿ" ಅಂದರು. ಪಾಸಾದರೂ ಬೈಯುತ್ತೇನೆ ಅಂದೆ. ಕ್ರಾಂತಿ ಕ್ಲಾಸಿಗೆ ಹೋದಳು. ಡಬ್ಬಿ ಮರೆತು.

ನವೆಂಬರ್ 20, ಗುರುವಾರ. ಬೆಳಿಗ್ಗೆ

ಶಿವಗಂಗಾ ಇನ್ನೂ ಇದ್ದಾಳೆ. ಈಗ ಬಟ್ಟೆ ಒಗೆಯಲು ಕುಪ್ಪಸದ ತೋಳು ಮೇಲೇರಿಸಿದಳು. ಸ್ಕೂಲಿಗೆ ಹೊರಟ ಕ್ರಾಂತಿ ನಿಂತುಬಿಟ್ಟಳು.

"ಅತ್ತಿ, ಏನಿದು ಕೈ ಮ್ಯಾಲೆ?"

ಶಿವಗಂಗಾ ನನ್ನ ಕಡೆ ನೋಡಿದಳು. "ಅಜ್ಜೀನ ಕೇಳು. ಡಾಕ್ಟ್ರ ಬುಕ್ಕಿನಾಗ ಬರೀತಾಳ ಅಲ್ಲ, ಅದನ್ನೂ ಬರೀಲಿ."

"ಸಾಯಂಕಾಲ ಬಂದು ಓದ್ತೀನಿ ಅಜ್ಜಿ" ಅಂದು ಹೋದಳು. ಈ ಮಾತು ಅವಳು ಮರೆಯುವುದಿಲ್ಲ.

ಹಿಂದಿನ ಪುಟ ಸಾಕು. ನೋಟ್‌ಬುಕ್ಕು ತಿರುಗಿಸಿಕೊಂಡಿದ್ದೇನೆ, ಇದು ಮುಂದಿನ ಪುಟ.

ಹೆಸರು: ಶಿವಗಂಗಾ. ಆಗ ವಯಸ್ಸು: ಹನ್ನೊಂದು. ಬಾಯಿಲೆಕ್ಕದಲ್ಲಿ ಊರಿಗೇ ಮುಂದು.

ಚುಟಿಕೆ ಹಾಕಿಸಿದ್ದು ಅವರಪ್ಪ ಅಂತ ಬರೆದಿದ್ದೆ. ಆ ಚುಟಿಕೆಯವನನ್ನ ಕರೆಸಿದವಳು ನಾನು. ಅಡುಗೆಮನೆಯಲ್ಲಿ ನಾನಿರಲಿಲ್ಲ. ಹುಡುಗಿ ಯವ್ವಾ ಯವ್ವಾ ಅಂತ ಕೂಗುತ್ತಿದ್ದದ್ದು ದೂರ ಇದ್ದವಳನ್ನಲ್ಲ. ಅವಳ ಎರಡೂ ಕಾಲು ಒತ್ತಿ ಹಿಡಿದುಕೊಂಡು ಕೂತಿದ್ದೆ.