ಶಂಕ್ರವ್ವನ ಕೇಸರಿ ಹಾಲು

2189, ಫೆಬ್ರವರಿ ಮೂವತ್ತು
ರಾತ್ರಿ ಮೂರು ಗಂಟೆ

ಡಾಕ್ಟರ್ ನೀಲಾಂಬಿಕಾ ಕಮತಗಿ ಅವರಿಗೆ,

ಈಗಷ್ಟೇ ಎಚ್ಚರವಾಯಿತು. ಎಬ್ಬಿಸಿದ್ದು ಮಗಳು ಚುಕ್ಕಿಯ ಕೆಮ್ಮು, ಒಣ ಕೊಬ್ಬರಿ ಚಿಪ್ಪನ್ನು ಒಳಗಿನಿಂದ ಯಾರೋ ತಟ್ಟಿದಂಥ ಸದ್ದು. ಅವಳ ಹಾಸಿಗೆಯ ಮೇಲೆ ತೂಗುಹಾಕಿದ ಉಸಿರುಗನ್ನಡಿ ಮಾತ್ರ ಸುಮ್ಮನಿತ್ತು. ಮಕ್ಕಳ ಉಸಿರು ಕೆಟ್ಟರೆ ಕೆಂಪಾಗುವ ಗಾಜು ಅದು. ಆದರೆ ಈ ಕ್ಷಯದ ಕೆಮ್ಮನ್ನು ಅದಕ್ಕೆ ಯಾರೂ ಕಲಿಸಿಲ್ಲ. ಕ್ಷಯ ಭೂಮಿಯಿಂದಲೇ ಹೋಯಿತೆಂದು ನಂಬಿ ನಮ್ಮವರು ಅದರ ಔಷಧಿ ಮಾಡುವುದನ್ನೂ ಬಿಟ್ಟಿದ್ದಾರೆ.

ತಾರೀಖು ನೋಡಿ ನಕ್ಕಿರಬೇಕು ನೀವು. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರ ಅನ್ನಿಸೀತು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಕಾಲೇಜಿನಲ್ಲಿ ಓದಿ ಕಲಿತವಳು ನಾನು. ಇದು ಹಿಂದೋಲೆ, ಅಂದರೆ ಕಳೆದುಹೋದ ಕಾಲಕ್ಕೆ ಹೋಗುವ ಕಾಗದ. ಒಬ್ಬರಿಗೆ ಜೀವಮಾನಕ್ಕೆ ಒಂದೇ. ಗೆಳತಿಯರೆಲ್ಲ ತಮ್ಮದನ್ನು ತೀರಿಹೋದ ಅಪ್ಪನಿಗೋ ಕೈತಪ್ಪಿದ ಪ್ರೀತಿಗೋ ಬರೆದು ಮುಗಿಸಿದ್ದಾರೆ. ನನ್ನದು ಹಾಗೇ ಉಳಿದಿತ್ತು. ನಿನ್ನೆ ಸಂಜೆಯವರೆಗೆ ನಿಮ್ಮ ಹೆಸರೂ ನನಗೆ ಗೊತ್ತಿರಲಿಲ್ಲ.

ನಿನ್ನೆ ಕುಲಶೋಧಕಿ ಬಂದಿದ್ದಳು. ರೋಗಾಣು ಯಾರಿಂದ ಯಾರಿಗೆ ದಾಟಿತೆಂದು ಅದರ ವಂಶಾವಳಿ ಬಿಡಿಸುವವಳು. ಚುಕ್ಕಿಯಿಂದ ಹಿಂದಕ್ಕೆ ನನ್ನ ಅಜ್ಜಿಗೆ, ಅಲ್ಲಿಂದ ಅವಳ ಅಜ್ಜಿಗೆ, ಕೊನೆಗೆ ಗುಳೇದಗುಡ್ಡದ ನೇಕಾರರ ಸೊಸೆ ಶಂಕ್ರವ್ವನಿಗೆ ಹೋಗಿ ನಿಂತಳು. ಕ್ಷಯರೋಗಿಗಳ ಮೇಲೆ ನೀವು ನಡೆಸಿದ ಅಧ್ಯಯನಕ್ಕೆಂದು ತೆಗೆದಿಟ್ಟ ಶಂಕ್ರವ್ವನ ಕಫದಲ್ಲಿ ಅದಿನ್ನೂ ಗುಳಿಗೆಗೆ ಸಾಯುವ ರೋಗಾಣುವೇ ಆಗಿತ್ತಂತೆ. ಅವಳು ಅರ್ಧಕ್ಕೆ ಔಷಧಿ ಬಿಟ್ಟ ಮೇಲೆ ಅದು ಗುಳಿಗೆಗೆ ಬಗ್ಗದಂತಾಯಿತು.

ಈ ಶಂಕ್ರವ್ವ ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಹೇಳುವ ಕಥೆಯ ನಾಯಕಿ. ಮಗ್ಗದ ಮುಂದೆ ಕೂತು ಕೂಸಿಗೆ ಹಾಲೂಡಿಸುತ್ತಿದ್ದವಳು ಒಂದು ದಿನ ಎದೆಯ ಬಟ್ಟೆ ನೋಡಿಕೊಂಡಳು. ಹಾಲಿನ ಕಲೆ ಕೇಸರಿ ಬಣ್ಣಕ್ಕಿತ್ತು. ಅತ್ತೆ ಬಟ್ಟೆಯನ್ನು ಓಣಿಗೆಲ್ಲ ತೋರಿಸಿ, "ಕೂಸಿಗೆ ವಿಷಾ ಕುಡಸ್ತಿ ಏನ?" ಎಂದಳು. ಶಂಕ್ರವ್ವ ತಾನು ನುಂಗುತ್ತಿದ್ದ ಕ್ಷಯದ ಗುಳಿಗೆಗಳನ್ನೆಲ್ಲ ಮಗ್ಗದ ಕೆಳಗಿನ ಕುಣಿಗೆ ಸುರಿದು, "ನಾ ಸತ್ರ ಸಾಯ್ತೀನಿ, ನನ್ನ ಕೂಸು ಬದಕ್ಲಿ" ಎಂದು, ಮರುದಿನ ಮೊದಲ ಬಸ್ಸಿಗೆ ಗಂಡನ ಜೊತೆ ಮಹಾರಾಷ್ಟ್ರದ ಇಚಲಕರಂಜಿಗೆ ಹೋದಳು. ಸಾಯಲಿಲ್ಲ. ಕೆಮ್ಮುತ್ತಲೇ ಮುದುಕಿಯಾಗಿ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಈ ಕಥೆ ಹೇಳಿದಳು. ಹೋದ ವರ್ಷ ನನ್ನ ಅಜ್ಜಿ ಚುಕ್ಕಿಯ ಕೆನ್ನೆಗೆ ಕೆನ್ನೆ ಒತ್ತಿ ಅದನ್ನೇ ಹೇಳುವಾಗ ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಿದ್ದೆ. ಕಥೆ ಬಂದ ಉಸಿರಿನಲ್ಲೇ ರೋಗವೂ ಬಂದಿದೆ.

ನೀವು ಮುಂದೆ ಬರೆಯಲಿರುವ ಪ್ರಬಂಧ ಓದಿದೆ. ಅದರಲ್ಲಿ ರೋಗಿಗಳ ನಾಲ್ಕು ಸಾಲು: ಗುಣವಾದವರು, ತೀರಿಕೊಂಡವರು, ಔಷಧಿ ಫಲಿಸದವರು, ಮತ್ತೆ ಕೈಗೆ ಸಿಗದವರು. ಶಂಕ್ರವ್ವ ಕೊನೆಯ ಸಾಲಿನಲ್ಲಿದ್ದಾಳೆ. ದೂರುತ್ತಿಲ್ಲ. ಗುಳಿಗೆ ನುಂಗಿದರೆ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದು ಬಿಸಿಲಲ್ಲಿ ಮನೆಮನೆಗೆ ಹೋಗಿ ಹೇಳಿದವರು ನೀವು. ಹಾಲಿನ ಮಾತೊಂದು ಬಿಟ್ಟುಹೋಗಿದೆ, ಅಷ್ಟೆ. ಅವಳನ್ನೂ ಬೈಯಲಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಈ ಕಾಗದ ನಿಮ್ಮನ್ನು ತಲುಪುವುದು ಅವಳು ಆ ಬಟ್ಟೆ ನೋಡಿದ ದಿನದ ರಾತ್ರಿ. ಗುಳಿಗೆ ಕುಣಿಗೆ ಬಿದ್ದಾಗಿದೆ, ಗಂಟು ಕಟ್ಟಿಟ್ಟಾಗಿದೆ, ಆದರೆ ಬಸ್ಸು ಇನ್ನೂ ಹೊರಟಿಲ್ಲ. ಅವಳ ಗಂಡನ ನಂಬರು ನಿಮ್ಮಲ್ಲಿದೆ. ಅತ್ತೆ ಫೋನೆತ್ತಿ ಬೈದರೆ ಬೈಸಿಕೊಳ್ಳಿ, ಶಂಕ್ರವ್ವನ ಕೈಗೇ ಫೋನು ಕೊಡಿಸಿ. ಆ ಬಣ್ಣ ಗುಳಿಗೆಯದು, ಹಾಲು ಕೆಟ್ಟಿಲ್ಲ, ಕೂಸಿಗೆ ಕುಡಿಸು, ಹೊಸ ಗುಳಿಗೆ ತಂದುಕೊಡುತ್ತೇನೆ, ಹೋಗಬೇಡ ಎನ್ನಿ. ನಮ್ಮ ಮನೆಯ ಕಥೆ ಇಲ್ಲವಾಗುತ್ತದೆ, ಆಗಲಿ. ನಾನೇ ಬೇರೆ ಯಾರೋ ಆಗಿಬಿಟ್ಟರೂ ಆಗಲಿ.

ಚುಕ್ಕಿ ಮತ್ತೆ ಕೆಮ್ಮುತ್ತಿದ್ದಾಳೆ. ಹೊತ್ತಲ್ಲದ ಹೊತ್ತು ಎಂದು ಹಿಂಜರಿಯಬೇಡಿ ಅಕ್ಕಾ, ಶಂಕ್ರವ್ವನೂ ಮಲಗಿರುವುದಿಲ್ಲ. ಬೆಳಕು ಹರಿಯುವ ಮುಂಚೆ ಒಂದು ಫೋನು ಮಾಡಿ.